ಸೈನ್ಯ ಇನ್ನೂ ನಿಂತಿರುವಾಗಲೇ ಸಂಧಿ: ಫಿನ್ಲೆಂಡ್ ಮಾಡಿದ ಲೆಕ್ಕ

ದೊಡ್ಡ ದೇಶವೊಂದು ಗಡಿಗೆ ಸೈನ್ಯ ತಂದು ನಿಲ್ಲಿಸಿ 'ಇಷ್ಟು ಜಾಗ ಬಿಟ್ಟುಕೊಡಿ' ಎಂದರೆ ಸಣ್ಣ ದೇಶ ಏನು ಮಾಡಬೇಕು? ಯುದ್ಧ ಇತಿಹಾಸ ಪಾಠ ಮಾಡುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಆಗ ನಾನು 1939ರ ಬಾಲ್ಟಿಕ್ ಕರಾವಳಿಯ ನಾಲ್ಕು ದೇಶಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಆ ವರ್ಷ ಸೋವಿಯತ್ ಒಕ್ಕೂಟ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳನ್ನು ಒಂದೊಂದಾಗಿ ಮಾಸ್ಕೋಗೆ ಕರೆಸಿತು. ನಿಮ್ಮ ನೆಲದಲ್ಲಿ ನಮ್ಮ ಸೇನಾ ನೆಲೆ ಇರಲಿ ಎಂದಿತು. ಮೂರೂ ಸಹಿ ಹಾಕಿದವು. 1940ರ ಜೂನ್‌ನಲ್ಲಿ ಇನ್ನಷ್ಟು ಸೈನ್ಯ ನುಗ್ಗಿತು. ಆಗಸ್ಟ್ ಹೊತ್ತಿಗೆ ಮೂರೂ ದೇಶಗಳು ಭೂಪಟದಲ್ಲೇ ಇರಲಿಲ್ಲ. ಅವರನ್ನು ಹೇಡಿಗಳು ಎನ್ನಲು ನನಗೆ ಮನಸ್ಸಾಗದು. ಸೈನ್ಯ ಸಣ್ಣದು, ನೆಲ ಸಮತಟ್ಟು, ನೆರವಿಗೆ ಬರುವವರು ಯಾರೂ ಇರಲಿಲ್ಲ.

ಫಿನ್ಲೆಂಡ್‌ಗೂ ಕರೆ ಬಂತು. ಗಡಿ ಲೆನಿನ್‌ಗ್ರಾಡ್‌ನಿಂದ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಬರೀ 32 ಕಿ.ಮೀ. ದೂರದಲ್ಲಿತ್ತು. ಅದನ್ನು ಹಿಂದಕ್ಕೆ ಸರಿಸಿ, ಹಾಂಕೊ ಬಂದರನ್ನು ಗುತ್ತಿಗೆಗೆ ಕೊಡಿ, ಬದಲಿಗೆ ಬೇರೆ ಕಡೆ ಭೂಮಿ ಕೊಡುತ್ತೇವೆ ಎಂಬುದು ಬೇಡಿಕೆ. ಪಾಸಿಕಿವಿ ನೇತೃತ್ವದ ನಿಯೋಗ ವಾರಗಟ್ಟಲೆ ಚೌಕಾಸಿ ಮಾಡಿತು, ಒಪ್ಪಂದ ಮಾತ್ರ ಆಗಲಿಲ್ಲ. ಅತ್ತ ದೇಶದೊಳಗೆ ಹೆಚ್ಚುವರಿ ತರಬೇತಿಯ ಹೆಸರಲ್ಲಿ ಮೀಸಲು ಸೈನಿಕರನ್ನು ಕರೆಸಿಕೊಳ್ಳಲಾಯಿತು. ನವೆಂಬರ್ 30ರಂದು ಹೆಲ್ಸಿಂಕಿ ಮೇಲೆ ಬಾಂಬ್ ಬಿದ್ದಾಗ ಸೈನಿಕರು ಆಗಲೇ ತಮ್ಮ ತಮ್ಮ ಜಾಗದಲ್ಲಿದ್ದರು.

ಹಿಮದ ಕಾಡು, ಸ್ಕೀ ಪಡೆಗಳು, ಸುವೊಮುಸ್ಸಾಲ್ಮಿಯ ಗೆಲುವು: ಈ ಕಥೆ ಎಲ್ಲರಿಗೂ ಇಷ್ಟ. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಆಮೇಲೆ ನಡೆದದ್ದು. ಫೆಬ್ರವರಿಯಲ್ಲಿ ಸುಮ್ಮಾ ಬಳಿ ರಕ್ಷಣಾ ರೇಖೆ ಒಡೆಯಿತು. ಮದ್ದುಗುಂಡು ಮುಗಿಯುತ್ತಾ ಬಂತು. ಬ್ರಿಟನ್, ಫ್ರಾನ್ಸ್ ಸೈನ್ಯ ಕಳಿಸುತ್ತೇವೆ ಎಂದವು, ಆದರೆ ನಾರ್ವೆ, ಸ್ವೀಡನ್ ದಾರಿ ಬಿಡಲಿಲ್ಲ. ಸೇನಾಪತಿ ಮ್ಯಾನರ್‌ಹೈಮ್ ಅವರೇ ಸಂಧಿ ಮಾಡಿಕೊಳ್ಳಿ ಎಂದರು. ಸೈನ್ಯ ಇನ್ನೂ ನಿಂತಿತ್ತು, ಆದರೆ ಇನ್ನು ಹೆಚ್ಚು ದಿನ ನಿಲ್ಲಲಾರದು ಎಂಬುದು ಅವರಿಗೆ ಗೊತ್ತಿತ್ತು. ಪ್ರಧಾನಿ ರ‍್ಯುತಿ ಮಾಸ್ಕೋಗೆ ಹೋದರು. 1940ರ ಮಾರ್ಚ್ 13ರಂದು ಗುಂಡಿನ ಸದ್ದು ನಿಂತಿತು.

ಬೆಲೆ ಘೋರವಾಗಿತ್ತು. ಸುಮಾರು 25,000 ಜನ ಸತ್ತಿದ್ದರು. ಮೊದಲು ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚು ನೆಲ ಹೋಯಿತು, ವೀಪುರಿ ನಗರವೂ ಹೋಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. ಹಾಗಾದರೆ ಹೋರಾಡಿ ಏನು ಸಿಕ್ಕಿತು? ಯುದ್ಧ ಶುರುವಾದ ಕೂಡಲೇ ಸ್ಟಾಲಿನ್ ಗಡಿಯ ತೆರಿಯೊಕಿ ಊರಲ್ಲಿ ಫಿನ್ನಿಶ್ ಕಮ್ಯುನಿಸ್ಟ್ ಕೂಸಿನೆನ್ ನಾಯಕತ್ವದ ಒಂದು ಸರ್ಕಾರ ಕೂರಿಸಿದ್ದರು. ಫಿನ್ಲೆಂಡನ್ನು ಆಳಲು ಸಿದ್ಧಪಡಿಸಿದ ಸರ್ಕಾರ ಅದು. ಸಂಧಿಯ ಹೊತ್ತಿಗೆ ಅದನ್ನು ಸದ್ದಿಲ್ಲದೆ ಕೈಬಿಟ್ಟು, ಹೆಲ್ಸಿಂಕಿಯ ಸರ್ಕಾರದ ಜೊತೆಗೇ ಮಾತಾಡಬೇಕಾಯಿತು. ಇಡೀ ದೇಶ ಹೋಗುವ ಬದಲು ಹತ್ತರಲ್ಲೊಂದು ಭಾಗ ಹೋಯಿತು. ಆ ಸೈನಿಕರು ಪ್ರಾಣ ಕೊಟ್ಟು ಉಳಿಸಿದ್ದು ಇದನ್ನೇ.

ಅಕ್ಟೋಬರ್‌ನಲ್ಲೇ ಸ್ವಲ್ಪ ಬಿಟ್ಟುಕೊಟ್ಟಿದ್ದರೆ ಯುದ್ಧ ತಪ್ಪುತ್ತಿತ್ತೇ? ಪಾಸಿಕಿವಿ, ಮ್ಯಾನರ್‌ಹೈಮ್ ಇಬ್ಬರೂ ಇನ್ನಷ್ಟು ರಿಯಾಯಿತಿ ಕೊಡೋಣ ಎಂದೇ ಹೇಳಿದ್ದರು. ಆದರೆ ನೆಲೆ ಕೊಟ್ಟ ಮೂರು ನೆರೆಯವರ ಗತಿ ನೋಡಿದರೆ ನಿರಾಕರಿಸಿದವರನ್ನು ದೂರಲು ನನಗಾಗುವುದಿಲ್ಲ.

1941ರಲ್ಲಿ ಫಿನ್ಲೆಂಡ್ ಜರ್ಮನಿಯ ಜೊತೆ ನಿಂತು ಮತ್ತೆ ಯುದ್ಧಕ್ಕಿಳಿಯಿತು. ಅದರಲ್ಲಿ ಸೋತು ಸೋವಿಯತ್ ಒಕ್ಕೂಟಕ್ಕೆ 30 ಕೋಟಿ ಡಾಲರ್ ಪರಿಹಾರ ತೆರಬೇಕಾಯಿತು, 1952ರವರೆಗೆ ಸರಕಿನ ರೂಪದಲ್ಲಿ ತೀರಿಸಿತು. ನಂತರ ದಶಕಗಳ ಕಾಲ ಮಾಸ್ಕೋ ಬಗ್ಗೆ ಅಳೆದು ತೂಗಿ ಮಾತಾಡಿತು. ಆದರೂ ಚುನಾವಣೆ, ಸಂಸತ್ತು ತನ್ನದೇ ಆಗಿ ಉಳಿಯಿತು. ಕಡ್ಡಾಯ ಸೈನಿಕ ಸೇವೆಯನ್ನೂ ಬಿಡಲಿಲ್ಲ. 2023ರ ಏಪ್ರಿಲ್ 4ರಂದು ನ್ಯಾಟೋ ಸೇರಿದಾಗ ಆ ದೇಶದಲ್ಲಿ ಸುಮಾರು 55 ಲಕ್ಷ ಜನರಿದ್ದರು, ಸುಮಾರು 48 ಲಕ್ಷ ಜನರಿಗೆ ಸಾಕಾಗುವಷ್ಟು ಬಾಂಬ್ ಆಶ್ರಯತಾಣಗಳು ಆಗಲೇ ಕಟ್ಟಿ ಮುಗಿದಿದ್ದವು.