ಹಬ್ಬಾನಿಯಾ: ವಾಯುನೆಲೆಯೂ ಸಮಾಧಿಗಳೂ ನಕ್ಷೆಗೆ ಬರುವ ಬಗೆ

ಬಾಗ್ದಾದ್‌ನಿಂದ ಪಶ್ಚಿಮಕ್ಕೆ ಸುಮಾರು 90 ಕಿ.ಮೀ. ದೂರದಲ್ಲಿ, ಫಲ್ಲೂಜಾ ಮತ್ತು ರಮಾದಿ ಪಟ್ಟಣಗಳ ನಡುವೆ, ಯೂಫ್ರೆಟಿಸ್ ದಂಡೆಯ ಮೇಲೆ ಹಬ್ಬಾನಿಯಾ ಇದೆ. ಬ್ರಿಟಿಷ್ ವಾಯುಪಡೆ ಅಲ್ಲಿಂದ ಜಾಗ ಖಾಲಿ ಮಾಡಿದ್ದು 1959ರಲ್ಲಿ. ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಎಲ್ಲಿತ್ತು, ಯಾರನ್ನು ಎಲ್ಲಿ ಮಣ್ಣು ಮಾಡಿದರು ಎಂಬ ಪ್ರಶ್ನೆಗಳು ಮಾತ್ರ ಇನ್ನೂ ಹಳತಾಗಿಲ್ಲ.

ಇದರ ಬೇರು 1930ರ ಆಂಗ್ಲೊ-ಇರಾಕ್ ಒಪ್ಪಂದದಲ್ಲಿದೆ. ಇರಾಕಿಗೆ ಸ್ವಾತಂತ್ರ್ಯ ಒಪ್ಪಿಕೊಂಡ ಬ್ರಿಟನ್, ಎರಡು ವಾಯುನೆಲೆಗಳನ್ನು ಮಾತ್ರ ಕೈಬಿಡಲಿಲ್ಲ: ಬಸ್ರಾ ಬಳಿಯ ಶೈಬಾ ಒಂದು, ಯೂಫ್ರೆಟಿಸ್‌ನ ಪಶ್ಚಿಮಕ್ಕೆ ಇನ್ನೊಂದು. ಈ ಎರಡನೆಯದು 1936ರಲ್ಲಿ ಧಿಬ್ಬಾನ್ ಎಂಬ ಹೆಸರಿನಲ್ಲಿ ಶುರುವಾಗಿ 1938ರಲ್ಲಿ ಹಬ್ಬಾನಿಯಾ ಆಯಿತು. ಬೆಂಗಳೂರಿನ ದಂಡು ಪ್ರದೇಶವನ್ನು ಮರುಭೂಮಿಯಲ್ಲಿ ಇಳಿಸಿದಂತೆ ಚರ್ಚು, ಆಸ್ಪತ್ರೆ, ವಿದ್ಯುತ್ ಕೇಂದ್ರ, ಪೋಲೊ ಮೈದಾನ, ಸಾಲುಮರಗಳು ಎದ್ದವು. ಕಾವಲಿಗೆ ಬ್ರಿಟಿಷರು ಸ್ಥಳೀಯರಿಂದ ಕಟ್ಟಿದ್ದ ಲೆವೀಸ್ ಪಡೆ. ಅದರಲ್ಲಿ ಅಸ್ಸೀರಿಯನ್ ಕ್ರೈಸ್ತರದೇ ದೊಡ್ಡ ಪಾಲು. ಪಕ್ಕದ ಸರೋವರದಲ್ಲಿ ಭಾರತದ ದಾರಿ ಹಿಡಿದ ಇಂಪೀರಿಯಲ್ ಏರ್‌ವೇಸ್‌ನ ಜಲವಿಮಾನಗಳು ಇಳಿಯುತ್ತಿದ್ದವು.

1941ರ ಕಾಳಗ ಅರ್ಥವಾಗಬೇಕಾದರೆ ನಕ್ಷೆ ಬಿಚ್ಚಿಕೊಂಡೇ ಕೂರಬೇಕು. ಬಾಗ್ದಾದ್‌ನಲ್ಲಿ ಅಧಿಕಾರ ಕಿತ್ತುಕೊಂಡಿದ್ದ ಬ್ರಿಟಿಷ್ ವಿರೋಧಿ ರಶೀದ್ ಅಲಿಯ ಸೇನೆ ಏಪ್ರಿಲ್ ಕೊನೆಗೆ ನೆಲೆಯ ದಕ್ಷಿಣದ ದಿಬ್ಬವನ್ನೇರಿ ಫಿರಂಗಿ ಹೂಡಿತು. ಮುಖ್ಯ ರನ್‌ವೇ ಬೇಲಿಯ ಆಚೆ, ಆ ದಿಬ್ಬದ ಕಣ್ಣೆದುರಿಗೇ ಇತ್ತು. ಹಾಗಾಗಿ ಪೋಲೊ ಮೈದಾನ ಮತ್ತು ಗಾಲ್ಫ್ ಅಂಗಳವನ್ನು ಸಮತಟ್ಟು ಮಾಡಿ, ಕಟ್ಟಡ ಮರಗಳ ಮರೆಯಿಂದ ವಿಮಾನ ಎಬ್ಬಿಸಿದರು. ಅಲ್ಲಿದ್ದದ್ದು ಪೈಲಟ್ ತರಬೇತಿ ಶಾಲೆ. ಆಕ್ಸ್‌ಫರ್ಡ್, ಆಡಾಕ್ಸ್‌ನಂಥ ಕಲಿಕೆಯ ವಿಮಾನಗಳಿಗೇ ಬಾಂಬು ಕಟ್ಟಿದರು. ಮೇ 2ರಂದು ದಾಳಿ ಶುರುವಾಯಿತು, ವಾರ ಕಳೆಯುವುದರೊಳಗೆ ದಿಬ್ಬ ಖಾಲಿಯಾಯಿತು. ಮುತ್ತಿಗೆ ಹಾಕಿದವರು ನೆಲೆಗಿದ್ದ ಒಂದೇ ಒಂದು ನೀರಿನ ಗೋಪುರವನ್ನು ಹೊಡೆದುರುಳಿಸಿದ್ದರೆ ಫಲಿತಾಂಶ ಬೇರೆಯೇ ಆಗುತ್ತಿತ್ತೇನೋ. ಮುಂದೆ ಅದೇ ದಿಬ್ಬದ ಮೇಲೆ ಅಲ್ ತಖದ್ದುಮ್ ವಾಯುನೆಲೆ ಬಂತು. 2003ರ ನಂತರ ಅಮೆರಿಕನ್ನರು ಬಳಸಿದ್ದೂ ಅದನ್ನೇ. ಒಂದೇ ನೆಲಕ್ಕೆ ಮೂರು ಕಾಲದ ಮೂರು ನಕ್ಷೆ.

ಸತ್ತವರ ನಕ್ಷೆ ಇನ್ನೂ ತೊಡಕಿನದು. ಬ್ರಿಟನ್ ಮತ್ತು ಹಿಂದೆ ಅದರ ಸಾಮ್ರಾಜ್ಯದಲ್ಲಿದ್ದ ನಾಡುಗಳ ಯುದ್ಧಮೃತರ ಸಮಾಧಿ ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಪ್ರತಿ ಸಮಾಧಿಗೂ ಒಂದು ವಿಳಾಸವಿರುತ್ತದೆ: ಯಾವ ಭಾಗ, ಯಾವ ಸಾಲು, ಎಷ್ಟನೇ ಗುಂಡಿ. ಹಬ್ಬಾನಿಯಾದಲ್ಲಿ ಯುದ್ಧದಲ್ಲಿ ಮಡಿದವರ ಜೊತೆಗೆ ಶಾಂತಿಕಾಲದಲ್ಲಿ ಸತ್ತ ಸಿಬ್ಬಂದಿ ಮತ್ತು ಅವರ ಮನೆಮಂದಿಯ ಸಮಾಧಿಗಳೂ ಇವೆ. ಇರಾಕಿನ ಸ್ಥಿತಿಯಿಂದಾಗಿ ಆಯೋಗ ಅಲ್ಲಿನ ಸ್ಮಶಾನಗಳನ್ನು ವರ್ಷಗಟ್ಟಲೆ ನೋಡಿಕೊಳ್ಳಲು ಆಗಲಿಲ್ಲ. ಕಲ್ಲು ಮುರಿದರೂ ಕಾಗದದ ಮೇಲಿನ ವಿಳಾಸ ಉಳಿಯುತ್ತದೆ. ಆಗ್ನೇಯ ಇರಾಕಿನ ಅಮಾರಾ ಸ್ಮಶಾನದಲ್ಲಂತೂ ಮಣ್ಣಿನ ಉಪ್ಪು ಕಲ್ಲನ್ನೇ ತಿನ್ನುತ್ತಿದೆ ಎಂದು 1933ರಲ್ಲಿ ಎಲ್ಲ ಸಮಾಧಿಕಲ್ಲುಗಳನ್ನೂ ಕಿತ್ತು, ಹೆಸರುಗಳನ್ನು ಗೋಡೆಗೆ ಹಾಕಲಾಯಿತು. ನೆಲದ ಮೇಲೆ ಹುಡುಕಿದರೆ ಅಲ್ಲಿ ಒಂದು ಸಮಾಧಿಕಲ್ಲೂ ಸಿಗದು.

ಹಾಗಾಗಿ ಇಂಥ ಜಾಗಗಳ ನಕ್ಷೆ ಮಾಡುವವರು ಹಳೆಯ ವೈಮಾನಿಕ ಚಿತ್ರದ ಮೇಲೆ ಇಂದಿನ ಉಪಗ್ರಹ ಚಿತ್ರವನ್ನಿಟ್ಟು, ಮೊದಲು ಬದಲಾಗದ ಗುರುತು ಹುಡುಕುತ್ತಾರೆ: ರಸ್ತೆಗಳು ಕೂಡುವ ಜಾಗ, ಹ್ಯಾಂಗರ್‌ನ ಮೂಲೆ. ನದಿಯನ್ನು ನಂಬುವಂತಿಲ್ಲ, ಅದು ದಡ ಬದಲಿಸುತ್ತದೆ. ಅಲ್ಲಿ ಕೆಲಸ ಮಾಡಿದವರ ನೆನಪು ಮತ್ತು ಸಮಾಧಿ ದಾಖಲೆಯನ್ನು ತಾಳೆ ನೋಡುವುದು ಆಮೇಲೆ.

ಆದರೆ ದಾಖಲೆಯೇ ಎಲ್ಲರನ್ನೂ ಒಂದೇ ಕಣ್ಣಿನಿಂದ ಕಂಡಿಲ್ಲ. ಮೊದಲ ಮಹಾಯುದ್ಧದಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರಿಂಗ್ ಪಡೆ) ಸೇರಿದಂತೆ ಭಾರತದ ಪಡೆಗಳು ಮೆಸಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಸೇವೆ ಸಲ್ಲಿಸಿದವು. ಸಮಾಧಿ ಗೊತ್ತಿಲ್ಲದವರ ನೆನಪಿಗಾಗಿ ಕಟ್ಟಿದ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರಿದೆ, ಭಾರತೀಯರಲ್ಲಿ ಅಧಿಕಾರಿಗಳ ಹೆಸರಷ್ಟೇ ಇದೆ. ಉಳಿದವರು ರೆಜಿಮೆಂಟಿನ ಲೆಕ್ಕದಲ್ಲಿ ಸೇರಿಹೋದರು. ಮೊದಲ ಮಹಾಯುದ್ಧದ ಸ್ಮರಣೆಯಲ್ಲಿ ಇಂಥ ತಾರತಮ್ಯ ನಡೆದದ್ದನ್ನು ಆಯೋಗ 2021ರ ತನ್ನ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.