ಒಂದೇ ಊರು, ಒಂದೇ ಹೆಸರು, ಮೂರು ಜನ: ನಮ್ಮ ಮುತ್ತಜ್ಜ ಯಾರು?

ಪ್ರಶ್ನೆ: ನನ್ನ ಹೆಂಡತಿ ಕಡೆಯವರು ಐರ್ಲೆಂಡಿನ ಕಾರ್ಕ್ ಕೌಂಟಿಯವರು. ಅವಳ ಮುತ್ತಜ್ಜ ಪ್ಯಾಟ್ರಿಕ್ ಸಲಿವನ್. ಹುಡುಕಿದ್ರೆ ಒಂದೇ ಊರಲ್ಲಿ ಆ ಹೆಸರಿನವರು ಮೂರು ಜನ ಸಿಕ್ತಾರೆ. ನಮ್ಮವರು ಯಾರು? ಉಳಿದಿಬ್ರು ಸಂಬಂಧಿಕರಾ?

ಉತ್ತರ: ಆಗಿರೋ ಚಾನ್ಸ್ ಜಾಸ್ತಿನೇ ಇದೆ, ಯಾಕಂದ್ರೆ ಅಲ್ಲೂ ನಮ್ಮ ಥರಾನೇ ತಾತನ ಹೆಸರು ಮೊಮ್ಮಗನಿಗೆ. ಮೊದಲ್ನೇ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೇಯವನಿಗೆ ಅಮ್ಮನ ಅಪ್ಪಂದು, ಮೂರನೇಯವನಿಗೆ ಅಪ್ಪಂದೇ. ಈಗ ಪ್ಯಾಟ್ರಿಕ್ ಅನ್ನೋರಿಗೆ ಮೂರು ಗಂಡುಮಕ್ಕಳು, ಮೂವರೂ ಚೊಚ್ಚಲ ಮಗನಿಗೆ ಅಪ್ಪನ ಹೆಸರಿಟ್ರು ಅಂದ್ಕೊಳ್ಳಿ, ಹೆಚ್ಚುಕಮ್ಮಿ ಒಂದೇ ವಯಸ್ಸಿನ ಮೂರು ಪ್ಯಾಟ್ರಿಕ್ ರೆಡಿ! ಎಲ್ರೂ ಈ ಪದ್ಧತಿ ಪಾಲಿಸ್ತಿರಲಿಲ್ಲ, ಹಾಗಾಗಿ ಇದು ಸುಳಿವು ಮಾತ್ರ, ಸಾಕ್ಷಿ ಅಲ್ಲ.

ಅದಕ್ಕೇ ನಾನು ಹೇಳೋದು, ಗಂಡಸಿನ ಹೆಸರು ಬಿಡಿ, ಹೆಂಡತಿ ಹೆಸರು ಹಿಡೀರಿ. ಕ್ಯಾಥೊಲಿಕ್ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರಲ್ಲಿ ಸಾಮಾನ್ಯವಾಗಿ ತಾಯಿಯ ತವರಿನ ಸರ್‌ನೇಮ್ ಇರುತ್ತೆ. ಒಬ್ಬ ಪ್ಯಾಟ್ರಿಕ್ ಹೆಂಡತಿ ಮೇರಿ ಲಿಂಚ್, ಇನ್ನೊಬ್ಬನ ಹೆಂಡತಿ ಹೊನೋರಾ ಮಕಾರ್ಥಿ ಅಂತಿದ್ರೆ ಮಕ್ಕಳೆಲ್ಲ ಎರಡು ಗುಂಪಾಗಿ ತಾವೇ ಬೇರೆ ಆಗ್ತಾರೆ. ಪಕ್ಕದಲ್ಲೇ ಗಾಡ್‌ಪೇರೆಂಟ್ಸ್ ಹೆಸರೂ ಇರುತ್ತೆ, ಅವರು ಎಷ್ಟೋ ಸಲ ಚಿಕ್ಕಪ್ಪನೋ ಸೋದರತ್ತೆನೋ ಆಗಿರ್ತಾರೆ, ಅದನ್ನ ಯಾರೂ ಬರೆದಿರಲ್ಲ ಅಷ್ಟೆ. ಈ ರಿಜಿಸ್ಟರ್‌ಗಳ ಚಿತ್ರಗಳು ಐರ್ಲೆಂಡಿನ ನ್ಯಾಷನಲ್ ಲೈಬ್ರರಿ ಸೈಟಲ್ಲಿ 2015ರಿಂದ ಫ್ರೀ. ಕೈಬರಹ ನೋಡಿ ಕಣ್ಣು ನೋವು ಬರುತ್ತೆ, ಅದು ಬೇರೆ ವಿಷಯ.

ಆಮೇಲೆ ಜಮೀನು. 1847ರಿಂದ 1864ರವರೆಗೆ ತೆರಿಗೆಗಾಗಿ ಮಾಡಿದ ಗ್ರಿಫಿತ್ಸ್ ವ್ಯಾಲ್ಯುಯೇಷನ್ ಅನ್ನೋ ಜಮೀನು-ಮನೆ ಮೌಲ್ಯದ ಪಟ್ಟಿಯಲ್ಲಿ ಅಧಿಕಾರಿಗಳಿಗೂ ಇದೇ ತಲೆನೋವು ಬಂದು, ಕೆಲವರ ಹೆಸರಿನ ಮುಂದೆ ಬ್ರಾಕೆಟಲ್ಲಿ ಅಪ್ಪನ ಹೆಸರು ಹಾಕಿದಾರೆ: ಪ್ಯಾಟ್ರಿಕ್ ಸಲಿವನ್ (ಡ್ಯಾನಿಯಲ್). ಕೆಲವು ಕಡೆ ಅಡ್ಡಹೆಸರೂ ಇದೆ. ನಂತರದ ಪರಿಷ್ಕರಣೆ ಪುಸ್ತಕಗಳಲ್ಲಿ ಹಳೇ ಹೆಸರು ಹೊಡೆದು, ಬೇರೆ ಬಣ್ಣದ ಇಂಕಲ್ಲಿ ಹೊಸ ಹೆಸರು ಬರೆದು, ಇಸವಿ ಹಾಕಿರ್ತಾರೆ, ನಮ್ಮ ಖಾತೆ ಬದಲಾವಣೆ ಇದ್ದ ಹಾಗೆ. ಪ್ಯಾಟ್ರಿಕ್ ಹೋಗಿ ಅದೇ ಪ್ಲಾಟಿಗೆ ‘ಮೇರಿ’ ಬಂದಿದ್ರೆ ಆ ಇಸವಿ ಆಸುಪಾಸಲ್ಲಿ ಅವನ ಮರಣದ ದಾಖಲೆ ಹುಡುಕಿ, 1864ರಿಂದ ಹುಟ್ಟು-ಸಾವು ಎರಡೂ ಸರ್ಕಾರಿ ನೋಂದಣಿಯಲ್ಲಿ ಇವೆ.

ಜನಗಣತಿ? ಪೂರ್ತಿ ಸಿಗೋ ಹಳೇವು 1901 ಮತ್ತು 1911ರವು. ಹಿಂದಿನವು ಸ್ವಲ್ಪ 1922ರ ಡಬ್ಲಿನ್ ಬೆಂಕಿಗೆ ಹೋದ್ವು, ಸ್ವಲ್ಪ ಸರ್ಕಾರಾನೇ ನಾಶ ಮಾಡ್ತು. ಸಿಗೋದ್ರಲ್ಲೂ ವಯಸ್ಸು ನಂಬ್ಬೇಡಿ, 1909ರಲ್ಲಿ 70 ತುಂಬಿದವ್ರಿಗೆ ಪಿಂಚಣಿ ಶುರುವಾಯ್ತು ನೋಡಿ, ಅದಕ್ಕೋಸ್ಕರ ವಯಸ್ಸು ಜಾಸ್ತಿ ಹೇಳಿ ಹತ್ತು ವರ್ಷದಲ್ಲಿ ಹದಿನೈದು ವರ್ಷ ದೊಡ್ಡೋರಾದವ್ರು ಸಿಕ್ತಾರೆ. ಬರೀ ವಯಸ್ಸು ಹೊಂದಲ್ಲ ಅಂತ ಯಾವ ಪ್ಯಾಟ್ರಿಕ್‌ನೂ ಲಿಸ್ಟಿಂದ ತೆಗೀಬೇಡಿ.