ಬಾಗಿಲಿಗೆ ಬರ್ತಿದ್ದ ಬುಟ್ಟಿ ನಿಂತ ಮೇಲೆ ನಮ್ಮ ಕರಾವಳಿ ಊಟ ಏನಾಯ್ತು

ಕಾರವಾರದಲ್ಲಿ ಯಾವ ಮನೆಗೆ ಹೋದ್ರೂ ಒಬ್ಬರಿಗೆ ಶುಗರ್, ಇನ್ನೊಬ್ಬರಿಗೆ ಬಿಪಿ. ಯಾಕೆ ಅಂತ ಕೇಳಿದ್ರೆ ಟೆನ್ಶನ್, ವಂಶದಲ್ಲೇ ಇದೆ, ನಡೆಯೋದು ಕಡಿಮೆಯಾಯ್ತು ಅಂತಾರೆ, ಅದ್ಯಾವುದೂ ಸುಳ್ಳಲ್ಲ, ಆದ್ರೆ ಮನೆಗೆ ತಿನ್ನೋ ಸಾಮಾನು ಎಲ್ಲಿಂದ ಬರ್ತದೆ ಅನ್ನೋದನ್ನ ಮಾತ್ರ ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. 2023ರಲ್ಲಿ ಬಂದ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ, ರಾಜ್ಯಗಳಲ್ಲಿ ಎಲ್ಲಕ್ಕಿಂತ ಮೇಲಿರೋದು ಗೋವಾ, 26.4 ಪರ್ಸೆಂಟ್. ಮಾಜಾಳಿ ದಾಟಿದ್ರೆ ಗೋವಾನೇ ಅಲ್ವಾ, ಅದೇ ಮೀನು, ಅದೇ ಅನ್ನ, ಅರ್ಧ ನೆಂಟರು ಆ ಕಡೆನೇ ಇದ್ದಾರೆ. ಅದು ಪಕ್ಕದ ಮನೆಯವರ ನಂಬರ್ ಅಂತ ನಾವು ಸುಮ್ನೆ ಕೂತ್ಕೊಳ್ಳೋ ಹಾಗಿಲ್ಲ.

ಹಿಂದೆ ಇಲ್ಲಿ ಅಂಗಡಿಯಿಂದ ತರೋದೇ ಕಡಿಮೆ ಇತ್ತು. ಅಕ್ಕಿ ಗದ್ದೆದು, ಮನೆಯಲ್ಲೇ ಬೇಯಿಸಿ ಒಣಗಿಸಿದ ಕುಚಲಕ್ಕಿ, ಎಣ್ಣೆ ಗಾಣದ ಕೊಬ್ಬರಿದು, ಉಪ್ಪು ಸಾಣಿಕಟ್ಟಾದ್ದು. ಅಘನಾಶಿನಿ ನದಿ ಕಡೆ ಗಜನಿಗಳಲ್ಲಿ, ಅಂದ್ರೆ ಉಪ್ಪುನೀರು ನುಗ್ಗೋ ತಗ್ಗು ಗದ್ದೆಗಳಲ್ಲಿ, ಮಳೆಗಾಲಕ್ಕೆ ಉಪ್ಪುನೀರು ತಡ್ಕೊಳ್ಳೋ ಕಗ್ಗ ಭತ್ತ ಬೆಳೀತಿದ್ರು, ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಶೆಟ್ಲಿ (ಸಿಗಡಿ), ಮೀನು ಹಿಡೀತಿದ್ರು. ಮಳೆ ಶುರುವಾಗೋ ಮೊದಲು ಒಣಮೀನು, ಹಪ್ಪಳ, ಉಪ್ಪಿನಕಾಯಿ ಎಲ್ಲ ಅಟ್ಟ ಸೇರ್ತಿತ್ತು. ಆದ್ರೆ ಆ ಕಾಲ ಸ್ವರ್ಗ ಆಗಿತ್ತು ಅಂತ ಹೇಳಿದ್ರೆ ಅದು ಗೇಣಿದಾರರಿಗೆ ಮಾಡೋ ಅನ್ಯಾಯ. ಬೆಳೆದದ್ರಲ್ಲಿ ದೊಡ್ಡ ಪಾಲು ಒಡೆಯರ ಮನೆಗೆ ಹೋಗಿ ಆಷಾಢದಲ್ಲಿ ಗಂಜಿಗೂ ಲೆಕ್ಕ ಹಾಕ್ತಿದ್ದ ಮನೆಗಳು ಎಷ್ಟೋ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು ಉಳುವವನ ಹೆಸರಿಗೆ ಜಮೀನಾದ ಮೇಲೆನೇ ಇಲ್ಲಿ ತುಂಬ ಮನೆಗಳಲ್ಲಿ ವರ್ಷಪೂರ್ತಿ ಸ್ವಂತ ಅನ್ನ ಅಂತ ಆದದ್ದು.

ಗದ್ದೆಯಿಂದ ಬರದೇ ಇದ್ದದ್ದು ಬಾಗಿಲಿಗೆ ಬರ್ತಿತ್ತು, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಹಾಲಕ್ಕಿ ಒಕ್ಕಲಿಗ ಹೆಂಗಸರು ಬೆಳಿಗ್ಗೆ ಬುಟ್ಟಿ ಹೊತ್ಕೊಂಡು ಬರ್ತಿದ್ರು, ಬಾಳೆನಾರಲ್ಲಿ ಕಟ್ಟಿದ ಕೆಂಪು ಹರಿವೆ, ಬಸಳೆ, ಹೀರೆಕಾಯಿ, ಮೊಗೆಕಾಯಿ, ಗೆಣಸು, ಹಿತ್ತಲಲ್ಲಿ ಆ ವಾರ ಏನಾಗಿದ್ಯೋ ಅದು. ಆಮೇಲೆ ಮೀನಿನವಳು. ಅವಳು ತೂಕ ಮಾಡೋದಿಲ್ಲ, ಬಂಗಡೆ ಎಣಿಸಿ, ತಾರ್ಲೆ (ಬೂತಾಯಿ) ಪಾಲು ಹಾಕಿ ಕೊಡ್ತಾಳೆ, ಚೌಕಾಸಿ ಮುಗಿದ ಮೇಲೂ ಕೊಸರು ಅಂತ ಎರಡು ಮೀನು ಮೇಲೆ ಎಸೀತಾಳೆ. ದುಡ್ಡಿಲ್ಲದ ದಿನ ಸಾಲ, ನಾಳೆ ಬರೋಳೇ ಅಲ್ವಾ. ಮನೆಯಲ್ಲಿ ವಯಸ್ಸಾದವರು, ಬಾಣಂತಿ, ಗಂಡ ದೋಣಿಗೆ ಹೋದ ಹೆಂಗಸು, ಯಾರೂ ಪೇಟೆಗೆ ಹೋಗೋದು ಬೇಕಾಗ್ತಿರಲಿಲ್ಲ. ತಾರ್ಲೆ ಅಂದ್ರೆ ಬಡವರ ಮೀನು ಅಂತಿದ್ರು, ಹೃದಯಕ್ಕೆ ಒಳ್ಳೇದು ಅಂತ ಈಗ ಮಾತ್ರೆಯಲ್ಲಿ ಮಾರೋ ಒಮೆಗಾ-3 ಅದ್ರಲ್ಲೇ ಬೇಕಾದಷ್ಟಿದೆ. ಸೊಪ್ಪು ಮತ್ತು ಸಣ್ಣ ಮೀನು, ದಿನಕ್ಕೊಂದ್ಸಲ, ಕೇಳದೆಯೇ ಮನೆಗೆ ಬರೋದು. ಇವತ್ತಿಗೂ ಕಾರವಾರದ ಭಾನುವಾರದ ಸಂತೆಗೆ ಹೋದ್ರೆ ಅವರು ಸಾಲಾಗಿ ಕೂತಿರ್ತಾರೆ, ಆದ್ರೆ ಓಣಿಗಳಿಗೆ ಬರೋರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದ್ದಾರೆ, ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋದ್ರು, ಹೋಗ್ಲೇಬೇಕಿತ್ತು.

ಬದಲಾವಣೆ ಒಂದೇ ಸಲ ಬಂದದ್ದಲ್ಲ. 1994ರಲ್ಲಿ ಪಾಮೋಲಿನ್ ಆಮದು ಮುಕ್ತ ಆಯ್ತು, ಅಗ್ಗದ ಎಣ್ಣೆ ಬಂತು, ಖಾರಾ, ಚಿಪ್ಸ್, ಬಿಸ್ಕೆಟ್ ಎಲ್ಲದಕ್ಕೂ ಅದೇ ಎಣ್ಣೆ. ಗಜನಿಗಳು ಸಿಗಡಿ ಸಾಕಾಣಿಕೆಗೆ ಹೋದವು, ಆ ಸಿಗಡಿ ಎಕ್ಸ್‌ಪೋರ್ಟ್ ಆಗೋದು, ನಮ್ಮ ಮನೆಗೆ ಬರೋದಲ್ಲ. ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲಾ ಕಡೆ ಊರಿಗೆ ಊರೇ ಎದ್ದು ಕಾಲೊನಿ ಸೇರಿದ್ರು, ಗದ್ದೆ, ಹಿತ್ತಲು, ದೋಣಿ ಎಳೆಯೋ ದಂಡೆ ಎಲ್ಲ ಒಟ್ಟಿಗೇ ಹೋಯ್ತು, ನಿನ್ನೆವರೆಗೆ ಬೆಳೆದು ತಿಂದವರು ಇವತ್ತಿಂದ ಎಲ್ಲದನ್ನೂ ಕೊಂಡು ತಿನ್ನೋ ಹಾಗಾಯ್ತು. ಪರಿಹಾರದ ಬಗ್ಗೆ ಎಷ್ಟೋ ಚರ್ಚೆ ಆಗಿದೆ, ಊಟದ ಬಗ್ಗೆ ಆದದ್ದು ನಾನು ಕೇಳಿಲ್ಲ. 2013ರಲ್ಲಿ ಅನ್ನಭಾಗ್ಯ ಬಂತು, ಕಿಲೋಗೆ ಒಂದು ರೂಪಾಯಿ, ಕುಟುಂಬಕ್ಕೆ 30 ಕಿಲೋವರೆಗೆ. ಹಸಿವು ತಡೆದ ಯೋಜನೆ ಅದು, ಅದನ್ನ ಹೀಗಳೆಯೋದು ತಪ್ಪು. ಆದ್ರೆ ರೇಷನ್ ಅಂಗಡಿಯಲ್ಲಿ ಸಿಗೋದು ಬಿಳಿ ಪಾಲಿಶ್ ಅಕ್ಕಿ, ಕೆಂಪು ಕುಚಲಕ್ಕಿ ತಿಂತಿದ್ದ ಮನೆ ಅದಕ್ಕೆ ಬದಲಾದ್ರೆ ನಾರು ಹೋಯ್ತು, ರಕ್ತಕ್ಕೆ ಸಕ್ಕರೆ ಬೇಗ ಏರ್ತದೆ, ಜೊತೆಗೆ ಸೊಪ್ಪು ಮೀನು ಕಡಿಮೆಯಾದ್ರೆ ತಟ್ಟೆ ತುಂಬ ಅನ್ನನೇ.

ಕೇಂದ್ರದ 2022-23ರ ಮನೆಖರ್ಚಿನ ಸರ್ವೆ ನೋಡಿ. ಹಳ್ಳಿಗಳಲ್ಲಿ ತಿಂಗಳ ಖರ್ಚಿನಲ್ಲಿ ಧಾನ್ಯಕ್ಕೆ 4.91 ಪರ್ಸೆಂಟ್, ಪಾನೀಯ, ತಿಂಡಿ, ರೆಡಿಮೇಡ್ ಆಹಾರಕ್ಕೆ 9.62. ಫ್ರೀ ಅಕ್ಕಿ ಬೆಲೆ ಇದ್ರಲ್ಲಿ ಸೇರಿಲ್ಲ ನಿಜ, ಆದ್ರೂ ಹಳ್ಳಿಯ ಲೆಕ್ಕ ಇದು, ಬೆಂಗಳೂರಿನದ್ದಲ್ಲ! ಆ ದುಡ್ಡು ಹೋಗೋದು ಮೂಲೆಯ ಗೂಡಂಗಡಿಗೆ, ಐದು ರೂಪಾಯಿ ಹತ್ತು ರೂಪಾಯಿ ಪ್ಯಾಕೆಟ್ ಮಾಲೆಗೆ, ಅದು ಈಗ ಎಲ್ಲಕ್ಕಿಂತ ಹತ್ತಿರ. 2019ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅನ್ನೋ ಸಂಶೋಧಕರು 20 ಜನರನ್ನ ಇಟ್ಕೊಂಡು ಎರಡು ವಾರ ಫ್ಯಾಕ್ಟ್ರಿ ತಿಂಡಿ, ಎರಡು ವಾರ ಸಾದಾ ಅಡುಗೆ ಕೊಟ್ಟು ನೋಡಿದ್ರು, ಬೇಕಾದಷ್ಟು ತಿನ್ನಿ ಅಂತ ಬಿಟ್ರೆ ಫ್ಯಾಕ್ಟ್ರಿ ತಿಂಡಿ ಕೊಟ್ಟಾಗ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದ್ರು.

ಹಾಗಾದ್ರೆ ದೊಡ್ಡ ಸೂಪರ್ ಮಾರ್ಕೆಟ್ಟೇ ವಿಲನ್ನಾ? ನನಗೆ ಹಾಗನಿಸೋದಿಲ್ಲ. ಕೀನ್ಯಾದ ಸಣ್ಣ ಪೇಟೆಗಳಲ್ಲಿ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಕೊಳ್ಳೋ ಮನೆಯ ದೊಡ್ಡವರ ತೂಕ ಜಾಸ್ತಿ ಕಂಡಿತ್ತು, ಅದೇ ಮನೆಗಳ ಮಕ್ಕಳಲ್ಲಿ ಅಪೌಷ್ಟಿಕತೆ ಕಡಿಮೆ. ಅಮೆರಿಕದಲ್ಲಿ ತರಕಾರಿ ಸಿಗದ ಬಡ ಏರಿಯಾಗಳಿಗೆ ಸೂಪರ್ ಮಾರ್ಕೆಟ್ ತಂದ್ರೂ ಜನರ ಊಟ ಅಷ್ಟೇನೂ ಬದಲಾಗಲಿಲ್ಲ, ಫಿಲಡೆಲ್ಫಿಯಾದಲ್ಲಿ ಹೀಗಾದದ್ದು 2014ರ ವರದಿಯಲ್ಲಿದೆ. ನಮ್ಮ ಶಿರಸಿಯಲ್ಲೇ 1923ರಲ್ಲಿ ತೋಟಗಾರರು ಕಟ್ಟಿದ ಟಿಎಸ್‌ಎಸ್ ಅನ್ನೋ ಸಹಕಾರಿ ಸಂಘ ಸೂಪರ್ ಮಾರ್ಕೆಟ್ ನಡೆಸ್ತಿದೆ, ರೈತರದ್ದೇ ಸಂಸ್ಥೆ. ಪ್ಯಾಕೆಟ್ ಅಂದ ಕೂಡ್ಲೇ ಕೆಟ್ಟದ್ದು ಅಂತಲೂ ಅಲ್ಲ, ಅಯೋಡಿನ್ ಉಪ್ಪು ಪ್ಯಾಕೆಟ್‌ನಲ್ಲೇ ಬಂದದ್ದು, ಗಳಗಂಡ ತಡೆಯೋಕೆ ಅದು ಬೇಕು.

ನನಗೆ ಮುಖ್ಯ ಅನಿಸೋದು ಮನೆಗೆ ಹತ್ತಿರ, ಸಾಲಕ್ಕೆ, ದಿನಾ ಏನು ಸಿಗ್ತದೆ ಅನ್ನೋದು. ಅದು ಸೊಪ್ಪು ಆಗಿದ್ದಾಗ ಸೊಪ್ಪು ತಿಂದ್ವಿ, ಕುರ್ಕುರೆ ಆದಾಗ ಅದನ್ನೂ ತಿಂದ್ವಿ. ಶಿರಸಿ ಕಡೆ ವನಸ್ತ್ರೀ ಸಂಘದ ಹೆಂಗಸರು ಹಿತ್ತಲ ಬೀಜಗಳನ್ನ ಉಳಿಸಿ ಹಂಚೋದು ಇದೇ ಕಾರಣಕ್ಕೆ ದೊಡ್ಡ ಕೆಲಸ, ಹಿತ್ತಲಿಗಿಂತ ಹತ್ತಿರದ ಅಂಗಡಿ ಯಾವುದೂ ಇಲ್ಲ.

ಹಿತ್ತಲಿಲ್ಲದ ಪೇಟೆ ಮನೆಗಳಿಗೆ ಉಳಿದಿರೋದು ಬುಟ್ಟಿ ಹೊತ್ತು ಬರೋರೇ. ಹೈವೇ ನಾಲ್ಕು ಲೇನ್ ಆಗೋವಾಗ ರಸ್ತೆಬದಿಯಲ್ಲಿ ಮಾವಿನಹಣ್ಣು, ಕುಮಟೆ ಸಿಹಿ ಈರುಳ್ಳಿ ಇಟ್ಕೊಂಡು ಕೂರ್ತಿದ್ದ ಎಷ್ಟೋ ಜಾಗ ಹೋದವು, ಪೇಟೆಯೊಳಗೆ ಕೂತ್ರೆ ಟ್ರಾಫಿಕ್ ಅಂತ ಎಬ್ಬಿಸ್ತಾರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಪಟ್ಟಣದಲ್ಲೂ ವ್ಯಾಪಾರ ಸಮಿತಿ ಇರ್ಬೇಕು, ಅದರಲ್ಲಿ ವ್ಯಾಪಾರಿಗಳ ಕಡೆಯ ಸದಸ್ಯರಲ್ಲಿ ಮೂರರಲ್ಲೊಂದು ಪಾಲು ಹೆಂಗಸರೇ ಇರ್ಬೇಕು, ಸರ್ವೆ ಮುಗಿಸಿ ಸರ್ಟಿಫಿಕೇಟ್ ಕೊಡೋ ತನಕ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಕಾರವಾರ, ಅಂಕೋಲಾ, ಕುಮಟಾದವರು ನಿಮ್ಮ ವಾರ್ಡ್ ಮೆಂಬರ್ ಹತ್ರ ಈ ಸಮಿತಿಯಲ್ಲಿ ಸೊಪ್ಪು, ಮೀನು ಮಾರೋ ಹೆಂಗಸರು ಯಾರಿದ್ದಾರೆ, ಅವರಿಗೆ ನೆರಳು, ನೀರು, ಶೌಚಾಲಯ ಎಲ್ಲಿ ಕೊಟ್ಟಿದ್ದೀರಿ ಅಂತ ಒಮ್ಮೆ ಕೇಳಿ ನೋಡಿ.